ಬೋರ್‌ವೆಲ್ ನೀರಿನಲ್ಲೂ ಅಂಟುವಾಳ: ನನ್ನ ಅನುಭವ

ತುಮಕೂರಿನ ಬೋರ್‌ವೆಲ್ ನೀರಿನಲ್ಲಿ ಅಂಟುವಾಳ ಹಾಕಿ ಪಾತ್ರೆ ತೊಳೆಯಲು ಆಗುವುದೇ ಇಲ್ಲ ಎಂದು ನಮ್ಮ ಕೈತೋಟದ ಬಳಗದವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರು. ಮಲೆನಾಡಿನ ಹಳ್ಳದ ನೀರಿಗಾದರೆ ಸರಿ, ಈ ಸವಳು ನೀರಿಗೆ ಅಂಗಡಿಯ ದ್ರವವೇ ಗತಿ ಎಂಬುದು ಅವರ ತೀರ್ಪು. ಸುಮಾರು ಒಂದೂವರೆ ವರ್ಷದಿಂದ ನಮ್ಮ ಮನೆಯ ಐದು ಜನರ ಪಾತ್ರೆ, ನೆಲ, ಬಚ್ಚಲು ಎಲ್ಲವೂ ಆ ದ್ರವಗಳ ಹಂಗಿಲ್ಲದೆ ಸ್ವಚ್ಛವಾಗುತ್ತಿವೆ. ಆಗ ತಲೆಯಾಡಿಸಿದವರಲ್ಲಿ ಮೂರ್ನಾಲ್ಕು ಮನೆಯವರು ಈಗ ನನ್ನಿಂದಲೇ ಪುಡಿ ಒಯ್ಯುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಅಂಟುವಾಳ ನೆನೆಸಿ ಕುದಿಸಿ ಸೋಸುವುದು, ಹಣ್ಣಿನ ಸಿಪ್ಪೆ-ಬೆಲ್ಲ-ನೀರು ಹುದುಗಿಸಿ ಮಾಡುವ ಹುಳಿ ದ್ರವ, ಅಂದರೆ ಬಯೋ ಎಂಜೈಮ್ ಹಾಕಿಡುವುದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ.

ಮೊದಲ ಏಳೆಂಟು ತಿಂಗಳು ಹಾಳಾಗಿದ್ದು ಒಂದೇ ಆಸೆಯಿಂದ. ಅಂಗಡಿಯಲ್ಲಿ ಸಿಗುವ ಹಾಗೆ ಎಲ್ಲ ಕೆಲಸಕ್ಕೂ ಒಂದೇ ಬಾಟಲಿ ಬೇಕೆಂಬ ಆಸೆ. ಎಲ್ಲರೂ ಹಂಚಿಕೊಳ್ಳುವ ನಿಂಬೆರಸ, ವಿನಿಗರ್, ಅಡುಗೆ ಸೋಡಾದ ಮಿಶ್ರಣವನ್ನೇ ತೆಗೆದುಕೊಳ್ಳಿ. ಬುಸ್ಸೆಂದು ನೊರೆಯೇಳುವಾಗ ಏನೋ ಭಾರೀ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ಹುಳಿಯೂ ಸೋಡಾವೂ ಒಂದನ್ನೊಂದು ತಿಂದುಹಾಕಿದ ಮೇಲೆ ಉಳಿಯುವುದು ಸ್ವಲ್ಪ ಉಪ್ಪು ಕರಗಿದ ನೀರು, ಅಷ್ಟೇ. ಅಂಟುವಾಳದ ರಸಕ್ಕೆ ಬಯೋ ಎಂಜೈಮ್ ಬೆರೆಸಿದ ಬಾಟಲಿಯೂ ಮಾಡಿದೆ. ಜಿಡ್ಡೂ ಪೂರ್ತಿ ಹೋಗಲಿಲ್ಲ, ಬಿಳಿ ಕಲೆಯೂ ಹೋಗಲಿಲ್ಲ, ಮೇಲೆ ಹುಳಿ ವಾಸನೆ ಬೇರೆ. ಪಾತ್ರೆ ತೊಳೆಯಲು ಬರುವವರು ಎರಡೇ ದಿನಕ್ಕೆ ಬಾಟಲಿಯನ್ನು ಪಕ್ಕಕ್ಕಿಟ್ಟು, “ನೊರೆಯೇ ಬರದಿದ್ದರೆ ಕೊಳೆ ಹೇಗಮ್ಮ ಹೋಗುತ್ತದೆ?” ಎಂದು ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು.

ದಾರಿ ಸಿಕ್ಕಿದ್ದು ಬಿಳಿ ಕಲೆಯ ಮೂಲ ಹುಡುಕಿದಾಗ. ಸ್ಟೀಲ್ ಲೋಟಗಳ ಮೇಲೆ ಕೂರುವ ಆ ಮಬ್ಬನ್ನು ಎಲ್ಲರೂ ಅಂಟುವಾಳದ ತಲೆಗೆ ಕಟ್ಟುತ್ತಿದ್ದರು. ನಾನು ಒಂದು ಲೋಟವನ್ನು ಬರೀ ನಲ್ಲಿ ನೀರಿನಲ್ಲಿ ಅದ್ದಿ, ಏನೂ ಹಚ್ಚದೆ ಒಣಗಲು ಬಿಟ್ಟೆ. ಅದೇ ಮಬ್ಬು, ಅದೇ ಚುಕ್ಕೆ. ಹಿಂದೊಮ್ಮೆ ನೀರು ಪರೀಕ್ಷೆ ಮಾಡಿಸಿದಾಗ ಗಡಸುತನ, ಅಂದರೆ ಕರಗಿದ ಸುಣ್ಣದಂಥ ಲವಣಗಳ ಪ್ರಮಾಣ, ಲೀಟರಿಗೆ 600 ಮಿಲಿಗ್ರಾಂ ಆಸುಪಾಸು ಬಂದಿದ್ದು ನೆನಪಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 200. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ಅಂದರೆ ಕಲೆ ನೀರಿನದು, ಆರೋಪ ಮಾತ್ರ ಅಂಟುವಾಳದ ಮೇಲೆ. ಅಂದಿನಿಂದ ಕೆಲಸವನ್ನು ಮೂರು ಭಾಗ ಮಾಡಿದೆ: ಜಿಡ್ಡಿಗೆ ಒಣ ಪುಡಿ, ಕೊಳೆಗೆ ಅಂಟುವಾಳ, ನೀರಿನ ಸುಣ್ಣಕ್ಕೆ ಹುಳಿ. ಒಂದು ಮಾಡುವ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋಗುವುದಿಲ್ಲ.

ಒಣ ಪುಡಿಗೆ ಜರಡಿ ಹಿಡಿದ ಸೌದೆ ಬೂದಿ, ರಾಗಿ ಹೊಟ್ಟು, ಸೀಗೆಪುಡಿ ಮೂರೂ ಬೇಕು. ಹೊಟ್ಟು ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ ಬಹುತೇಕ ಪುಕ್ಕಟೆ ಸಿಗುತ್ತದೆ. ಯಾವುದು ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲವೇ ಹಿಡಿಯಿತು, ನೀವೂ ನಿಮ್ಮ ಮನೆಯ ಎಣ್ಣೆಗೆ ತಕ್ಕಂತೆ ಕಂಡುಕೊಳ್ಳಿ. ಬಾಣಲೆಗೆ, ಒಗ್ಗರಣೆ ಸೌಟಿಗೆ ನೀರು ಸೋಕಿಸುವ ಮೊದಲೇ ಈ ಪುಡಿ ಉದುರಿಸಿ ಹಳೆಯ ಬಟ್ಟೆಯಲ್ಲಿ ಒರೆಸಬೇಕು. ಮೊದಲೇ ನೀರು ಬಿಟ್ಟರೆ ಪುಡಿ ಅಂಟಿಕೊಂಡು ಕೆಲಸ ಎರಡಾಗುತ್ತದೆ. ನಾನ್‌ಸ್ಟಿಕ್ ತವಾಕ್ಕೆ ಬೂದಿ ಮುಟ್ಟಿಸಬೇಡಿ, ಗೀರು ಬೀಳುತ್ತದೆ.

ಅಂಟುವಾಳ 100 ಗ್ರಾಂ ಸಿಪ್ಪೆಗೆ ಒಂದೂವರೆ ಲೀಟರ್ ನೀರು. ಕುದಿದು ಒಂದು ಲೀಟರಿನಷ್ಟಾದರೆ ನಾಲ್ಕೈದು ದಿನಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಹೊರಗಿಟ್ಟರೆ ಮೂರನೆಯ ದಿನಕ್ಕೇ ನಾತ. ಒಂದು ತಿಂಗಳು ಕೆಡದಂತೆ ಇಡುವ ಉಪಾಯವೂ ನನ್ನ ಬಳಿ ಇದೆ, ಅದನ್ನು ಸದ್ಯಕ್ಕೆ ನಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ. ಫ್ರಿಜ್ಜಿನಲ್ಲಿ ಜಾಗವಿದ್ದವರಿಗೆ ಅದರ ಅಗತ್ಯವೂ ಇಲ್ಲ. ಬಿಸಿಯಾಗಿ ಬಳಸಿದರೆ ಫಲ ಹೆಚ್ಚು. ಗ್ರಂಧಿಗೆ ಅಂಗಡಿಯಲ್ಲಿ ಕೊಳ್ಳುವಾಗ ಬೀಜ ತೆಗೆದದ್ದನ್ನೇ ಕೇಳಿ. ಬೀಜ ಸಮೇತ ಮಿಕ್ಸಿಗೆ ಹಾಕಿ ಜಾರಿನ ಬ್ಲೇಡ್ ಹೋಯಿತು, ಅದಕ್ಕೇ 400 ರೂಪಾಯಿ ತೆತ್ತಿದ್ದಾಯಿತು. ಪುಡಿ ಮಾಡುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕಣ್ಣಿಗೆ ಬಿದ್ದರೆ ಉರಿ ಸುಲಭವಾಗಿ ಇಳಿಯುವುದಿಲ್ಲ.

ಕೊನೆಯ ಹಂತವೇ ನನ್ನ ಗೆಲುವು. ಹತ್ತು ಲೀಟರಿನ ಟಬ್ಬಿಗೆ ಒಂದು ಟೀ ಚಮಚ ತುಂಬ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ತೊಳೆದ ಸ್ಟೀಲ್ ಪಾತ್ರೆಗಳನ್ನು ಅದರಲ್ಲಿ ಅದ್ದಿ ಬೋರಲು ಹಾಕುತ್ತೇವೆ. ಮಬ್ಬು ಕಾಣಿಸುವುದು ಈಗ ಅಪರೂಪ. ಗಾಜಿನ ಲೋಟಗಳನ್ನು ಮಾತ್ರ ಒರೆಸಿಯೇ ಇಡಬೇಕು. ಕಬ್ಬಿಣದ ಕಾವಲಿ, ಅಲ್ಯೂಮಿನಿಯಂ ಪಾತ್ರೆ ಈ ಟಬ್ಬಿನ ಹತ್ತಿರ ಸುಳಿಯಬಾರದು. ಮೊದಲು ಇದೇ ಕೆಲಸಕ್ಕೆ ಬಯೋ ಎಂಜೈಮ್ ಬಳಸುತ್ತಿದ್ದೆ, ಕಾಫಿ ಲೋಟದಲ್ಲಿ ವಾಸನೆ ನಿಲ್ಲುತ್ತಿತ್ತು. ನಿಂಬೆ ಉಪ್ಪು ರಾಸಾಯನಿಕವಲ್ಲವೇ ಎಂದು ಬಳಗದಲ್ಲಿ ಆಕ್ಷೇಪ ಬಂತು. ಕಾರ್ಖಾನೆಯಲ್ಲೂ ಅದನ್ನು ಸಕ್ಕರೆ ಅಂಶದ ಮೇಲೆ ಒಂದು ಬಗೆಯ ಬೂಷ್ಟು ಬೆಳೆಸಿಯೇ ತೆಗೆಯುತ್ತಾರೆ. ಡಬ್ಬದ ಮೇಲಿನ ಹೆಸರಿಗಿಂತ ಅದು ಕೈಗೆ, ಮೋರಿಗೆ, ಗಿಡಕ್ಕೆ ಏನು ಮಾಡುತ್ತದೆ ಎಂಬುದು ನನಗೆ ಮುಖ್ಯ. ಪಾತ್ರೆ ತೊಳೆಯುವವರ ಅಂಗೈ ಚಳಿಗಾಲದಲ್ಲಿ ಒಡೆದು ರಕ್ತ ಬರುತ್ತಿತ್ತು. ಕಳೆದ ಚಳಿಗಾಲ ಹಾಗಾಗಲಿಲ್ಲ. ಈಗ ನೊರೆಯ ಮಾತನ್ನೇ ಅವರು ಎತ್ತುವುದಿಲ್ಲ.

ಬಯೋ ಎಂಜೈಮ್ ಈಗ ನೆಲಕ್ಕೂ ಶೌಚಾಲಯಕ್ಕೂ ಮೀಸಲು. ಜ್ಯೂಸ್ ಅಂಗಡಿಯಿಂದ ಮೂಸಂಬಿ ಸಿಪ್ಪೆ ಮೂಟೆಗಟ್ಟಲೆ ಪುಕ್ಕಟೆ ಸಿಗುತ್ತದೆಂದು ಇಪ್ಪತ್ತು ಲೀಟರಿನ ಡ್ರಮ್ ತುಂಬಿಸಿದ್ದೆ. ಸಿಪ್ಪೆ ಮೇಲೆ ತೇಲಿ ಕಪ್ಪು ಬೂಷ್ಟು ಹಿಡಿದು ಪೂರ್ತಿ ಗೊಬ್ಬರದ ಗುಂಡಿಗೆ ಹೋಯಿತು, ಎರಡು ಕಿಲೋ ಬೆಲ್ಲವೂ ಹೋಯಿತು. ಬಿಳಿ ಕೆನೆ ಕಟ್ಟಿದರೆ ಹೆದರಬೇಡಿ, ಕಪ್ಪು ಕಂಡರೆ ಎಸೆಯಿರಿ. ಹೇರಳೆಕಾಯಿ ಸಿಪ್ಪೆಯಷ್ಟು ಒಳ್ಳೆಯ ಪರಿಮಳ ಯಾವುದರಲ್ಲೂ ಬರಲಿಲ್ಲ. ಅನಾನಸ್ ಸಿಪ್ಪೆಯದು ಮೊದಲ ತಿಂಗಳು ಹೆಂಡದ ಗಡಿಗೆಯ ವಾಸನೆ. ಗಾಜಿನ ಭರಣಿಯಲ್ಲಿ ಹಾಕಬೇಡಿ. ಮುಚ್ಚಳ ತೆರೆದು ಒಳಗಿನ ಗಾಳಿ ಬಿಡುವುದು ಎರಡು ದಿನ ತಪ್ಪಿದರೆ ಸಿಡಿಯುತ್ತದೆ, ನಮ್ಮಲ್ಲಿ ಒಂದು ಸಿಡಿದಿದೆ.

ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆಗೆ ಬಯೋ ಎಂಜೈಮ್ ಬಿದ್ದಲ್ಲೆಲ್ಲ ಹೊಳಪು ಸತ್ತಿತು. ಕಡಪ ಸುಣ್ಣದ ಕಲ್ಲು, ಹುಳಿ ತಾಗಿದರೆ ಕರಗುತ್ತದೆ. ಮತ್ತೆ ಪಾಲಿಶ್ ಮಾಡಿಸಲು ಸುಮಾರು 1200 ರೂಪಾಯಿ. ಅಮೃತಶಿಲೆ, ರೆಡ್ ಆಕ್ಸೈಡ್ ನೆಲ ಇರುವವರಿಗೂ ಇದೇ ಎಚ್ಚರಿಕೆ. ಗ್ರಾನೈಟಿಗೆ ಏನೂ ಆಗಲಿಲ್ಲ.

ಶೌಚಾಲಯದ ಹಳದಿ ಗಟ್ಟಿ ಕಲೆ ಬಯೋ ಎಂಜೈಮಿಗೆ ಬಗ್ಗಲಿಲ್ಲ. ರಾತ್ರಿ ಮಲಗುವ ಮುನ್ನ 100 ಗ್ರಾಂನಷ್ಟು ನಿಂಬೆ ಉಪ್ಪನ್ನು ಬಿಸಿ ನೀರಿನಲ್ಲಿ ಕದಡಿ ಸುರಿದು, ಬೆಳಿಗ್ಗೆ ಉಜ್ಜಿ, ಹೀಗೆ ಕೆಲವು ರಾತ್ರಿ ಮಾಡಿದ ಮೇಲೆ ಪದರ ಪದರವಾಗಿ ಎದ್ದು ಬಂತು. ಒಂದು ಮಾತು ಮಾತ್ರ ಮರೆಯಬೇಡಿ: ಬ್ಲೀಚಿಂಗ್ ಪುಡಿಯಾಗಲಿ ಬ್ಲೀಚ್ ದ್ರವವಾಗಲಿ ಬಿದ್ದ ಕಡೆ ಯಾವ ಹುಳಿಯನ್ನೂ ಸುರಿಯಬಾರದು. ಶೌಚಾಲಯದ ಆಸಿಡ್, ವಿನಿಗರ್, ನಿಂಬೆ ಉಪ್ಪು, ಬಯೋ ಎಂಜೈಮ್ ಎಲ್ಲವೂ ಹುಳಿಯೇ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಹಾಗೆಂದು ಬ್ಲೀಚಿಂಗ್ ಪುಡಿಯನ್ನು ನಾನು ಮನೆಯಿಂದ ಓಡಿಸಿಲ್ಲ. ಮನೆಯಲ್ಲಿ ವಾಂತಿಭೇದಿ ಆದಾಗ ಬಯೋ ಎಂಜೈಮ್ ನಂಬಿ ಕೂರಲಾಗುವುದಿಲ್ಲ, ಆಗ ಅದೇ ಬೇಕು, ಅದೊಂದೇ.

ನಡುವೆ ಅಡ್ಡದಾರಿಗಳೂ ಇದ್ದವು. ಮಂಗಳೂರು ಕಡೆಯ ನೆಂಟರು ಬಿಂಬುಳಿ ಎಂಬ ಹುಳಿಕಾಯಿ ತಂದಿದ್ದರು, ಹೆಚ್ಚಿ ಹಿತ್ತಾಳೆ ದೀಪಕ್ಕೆ ಉಜ್ಜಿದೆ, ಹುಣಸೆಹಣ್ಣನ್ನು ಮೀರಿಸಿತು. ಬಾಳೆದಿಂಡು ಒಣಗಿಸಿ ಸುಟ್ಟ ಬೂದಿ ಸೌದೆ ಬೂದಿಗಿಂತ ತೀಕ್ಷ್ಣ, ಚಿಮಣಿಯ ಜಾಲರಿಗೆ ಚೆನ್ನಾಗಿ ಹತ್ತಿತು, ಆದರೆ ಹಿಡಿ ಬೂದಿಗೆ ಹೊರೆ ದಿಂಡು ಬೇಕು. ಈಗ ಜಾಲರಿಗೆ ಬಿಸಿ ನೀರು, ವಾಷಿಂಗ್ ಸೋಡಾ; ಜಾಲರಿ ಅಲ್ಯೂಮಿನಿಯಂನದಾದರೆ ಸೋಡಾದಿಂದ ಕಪ್ಪಾಗುತ್ತದೆ, ನೋಡಿಕೊಂಡು ಹಾಕಿ.

ಖರ್ಚು ಹೇಳುತ್ತೇನೆ. ಮೊದಲು ಪಾತ್ರೆ ದ್ರವ, ಫಿನಾಯಿಲ್, ಶೌಚಾಲಯದ ಆಸಿಡ್, ಗಾಜು ಒರೆಸುವುದು ಎಲ್ಲ ಸೇರಿ ತಿಂಗಳಿಗೆ 850ರಿಂದ 900 ರೂಪಾಯಿ. ಈಗ ಬೀಜ ತೆಗೆದ ಅಂಟುವಾಳ ಕಿಲೋಗೆ 200ರ ಆಸುಪಾಸು, ಒಂದೂವರೆ ತಿಂಗಳು ಬರುತ್ತದೆ. ನಿಂಬೆ ಉಪ್ಪು ಕಿಲೋ ಕೊಂಡರೆ ಹೆಚ್ಚೂಕಡಿಮೆ ಮೂರು ತಿಂಗಳು. ಸೀಗೆ, ಕಪ್ಪು ಬೆಲ್ಲ, ಸೋಡಾ ಸೇರಿಸಿದರೂ ತಿಂಗಳಿಗೆ 300 ದಾಟುವುದಿಲ್ಲ. ಕುದಿಸುವ ಗ್ಯಾಸ್ ಲೆಕ್ಕ ಹಾಕಿಲ್ಲ. ಪ್ರಯೋಗಗಳಲ್ಲಿ ಹಾಳಾದ ಎರಡು ಮೂರು ಸಾವಿರ ಐದಾರು ತಿಂಗಳಲ್ಲೇ ವಾಪಸು ಬಂತು.

ಬಟ್ಟೆಗೆ ಇನ್ನೂ ದಾರಿ ಸಿಕ್ಕಿಲ್ಲ. ರೇಷ್ಮೆ ಸೀರೆಗೆ ಅಂಟುವಾಳಕ್ಕೆ ಸಮನಾದದ್ದಿಲ್ಲ, ಬಿಳಿ ಪಂಚೆ ಮಾತ್ರ ನಾಲ್ಕು ಒಗೆತಕ್ಕೆ ಕಂದಿತು. ಪಾತ್ರೆ ತೊಳೆದ ನೀರನ್ನು ಬಾಳೆ, ಕೆಸುವಿಗೆ ಬಿಡುತ್ತಿದ್ದೇನೆ, ಗಿಡಗಳು ಚೆನ್ನಾಗಿವೆ. ತಾವರೆ ತೊಟ್ಟಿಯಲ್ಲಿ ಮೀನು ಸಾಕಿರುವವರು ಆ ನೀರನ್ನು ಅತ್ತ ಹರಿಯಲು ಬಿಡಬೇಡಿ. ಅಂಟುವಾಳ ಮೀನಿಗೆ ವಿಷ.