ಟಿಯರ್‌ಡ್ರಾಪ್ ಟ್ರೇಲರ್ ಕಟ್ಟೋ ಮೊದಲು ಟೇಪ್ ಹಿಡಿದು ನಾಲ್ಕು ಗಾಡಿ ನೋಡಿ ಬನ್ನಿ

ಅಮೆರಿಕದಲ್ಲಿರುವ ನಮ್ಮವರಲ್ಲಿ ಕ್ಯಾಂಪಿಂಗ್ ಹುಚ್ಚಿರುವವರು ಈಗ ಟೆಂಟ್ ಬಿಟ್ಟು ಟಿಯರ್‌ಡ್ರಾಪ್ ಟ್ರೇಲರ್ ಕಡೆ ಹೊರಳುತ್ತಿದ್ದಾರೆ. ಕೊಳ್ಳೋದಕ್ಕಿಂತ ಗ್ಯಾರೇಜಿನಲ್ಲೇ ಕಟ್ಟೋಣ ಅನ್ನುವವರೂ ಇದ್ದಾರೆ. ಕಾರಿನ ಹಿಂದೆ ಕಟ್ಟಿ ಎಳೆಯುವ ನೀರಹನಿ ಆಕಾರದ ಪುಟ್ಟ ಗಾಡಿ ಇದು: ಮುಂದೆ ದುಂಡಗೆ, ಹಿಂದೆ ಇಳಿಜಾರು, ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಹಿಂದಿನ ಹ್ಯಾಚ್ ಎತ್ತಿದರೆ ಪುಟ್ಟ ಅಡುಗೆಮನೆ. ಇಷ್ಟೇ ಗಾಡಿ. ಆದರೆ ಡಿಸೈನ್ ಎಲ್ಲಿಂದ ತರೋದು ಅಂತ ಎಲ್ಲರೂ ಅಲ್ಲೇ ನಿಂತುಬಿಡುತ್ತಾರೆ. ಫೋನಿನ ತುಂಬ ಫೋಟೊ ಸೇವ್ ಮಾಡಿಕೊಂಡು, ಬಣ್ಣ ಚೆನ್ನಾಗಿದೆ, ಒಳಗಿನ ಲೈಟ್ ಚೆನ್ನಾಗಿದೆ ಅಂತ ನೋಡುತ್ತಾ ಕೂರುತ್ತಾರೆ. ಫೋಟೊದಲ್ಲಿ ಗಾಡಿಯ ಅಂದ ಕಾಣುತ್ತದೆ, ಆ ಬಾಗು ಅಲ್ಲೇ ಯಾಕೆ ಬಂತು ಅನ್ನೋದು ಕಾಣುವುದಿಲ್ಲ. ನಿಮಗೆ ಬೇಕಾಗಿರೋದು ಆ 'ಯಾಕೆ'.

ಶುರು ಹಳೆಯ ಗಾಡಿಗಳಿಂದ ಮಾಡಿ. ಈ ಟ್ರೇಲರ್‌ಗಳು ಅಮೆರಿಕದಲ್ಲಿ ಹುಟ್ಟಿದ್ದು 1930ರ ದಶಕದಲ್ಲಿ. ಆಗ ಎಲ್ಲದಕ್ಕೂ ಗಾಳಿ ಸೀಳುವ ಆಕಾರ ಕೊಡುವ ಹುಮ್ಮಸ್ಸಿತ್ತು. 1934ರ ಕ್ರೈಸ್ಲರ್ ಏರ್‌ಫ್ಲೋ ಕಾರು, 1936ರ ಏರ್‌ಸ್ಟ್ರೀಮ್ ಕ್ಲಿಪ್ಪರ್ ಟ್ರೇಲರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಟಿಯರ್‌ಡ್ರಾಪಿನ ಬೆನ್ನಿನ ಗೆರೆ ಯಾವ ಕಾಲದ್ದು ಅಂತ ತಾನಾಗೇ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಗಾಡಿ ಇನ್ನೂ ಜಾಸ್ತಿ ಹಬ್ಬಿತು. ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ 1947ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಮನೆಯಲ್ಲೇ ಕಟ್ಟುವ ಪ್ಲಾನ್ ಅಚ್ಚು ಹಾಕಿತು, ಅದನ್ನು ನೋಡಿ ಇವತ್ತಿಗೂ ಜನ ಕಟ್ಟುತ್ತಾರೆ. ಆ ಪ್ಲಾನನ್ನು ಹುಡುಕಿ ಪ್ರಿಂಟ್ ಹಾಕಿಸಿಕೊಳ್ಳಿ. ನೀವು ಹಾಗೇ ಕಟ್ಟದಿದ್ದರೂ ಪರವಾಗಿಲ್ಲ, ಕಡಿಮೆ ಸಾಮಾನಿನಲ್ಲಿ ಒಬ್ಬ ಮನುಷ್ಯ ಹೇಗೆ ಯೋಚಿಸಿದ ಅನ್ನೋದು ಅದರಲ್ಲಿದೆ. ಜೊತೆಗೆ ಬೆನ್‌ರಾಯ್, ಕಿಟ್ ಅಂತ ಯುದ್ಧದ ನಂತರದ ಹಳೆಯ ಮಾಡೆಲ್‌ಗಳ ಪಕ್ಕದ ನೋಟಗಳನ್ನೂ ಸೇರಿಸಿಕೊಳ್ಳಿ. ಎಲ್ಲವನ್ನೂ ಒಂದೇ ಸ್ಕೇಲಿಗೆ ತಂದು ಒಂದರ ಮೇಲೊಂದು ಇಟ್ಟರೆ ಬಾಗು ಎಲ್ಲಿ ಬೇರೆಯಾಗುತ್ತದೆ ಅಂತ ಕಣ್ಣಿಗೇ ಹೊಡೆಯುತ್ತದೆ.

ಈಗ ಆ ಬಾಗಿನ ಲೆಕ್ಕ ನೋಡಿ, ನನಗೆ ತುಂಬ ಇಷ್ಟವಾದ ಭಾಗ ಇದು. ಪ್ಲೈವುಡ್ ಶೀಟ್ ಸಿಗೋದು 4 ಅಡಿ ಅಗಲ, 8 ಅಡಿ ಉದ್ದ. ಒಂದು ಪಕ್ಕಕ್ಕೆ ಒಂದು ಶೀಟ್, ಅಲ್ಲಿಗೆ ಗಾಡಿ 4 ಅಡಿ ಎತ್ತರ, 8 ಅಡಿ ಉದ್ದ ಆಯಿತು. ಎತ್ತರದಲ್ಲಿ ನೆಲ, ಛಾವಣಿಗಳ ದಪ್ಪ ಕಳೆದರೆ ಒಳಗೆ ಸುಮಾರು 44 ಇಂಚು ಉಳಿಯುತ್ತದೆ. ನಾಲ್ಕೈದು ಇಂಚಿನ ಫೋಮ್ ಹಾಸಿಗೆ ಹಾಕಿ, ಅದರ ಮೇಲೆ ಕೂತ ಮನುಷ್ಯನ 36 ಇಂಚು ಸೇರಿಸಿ, ತಲೆ ಮೇಲೆ ಮೂರು ನಾಲ್ಕು ಇಂಚು ಮಾತ್ರ ಜಾಗ. ಹಾಗಾಗಿ ಛಾವಣಿಯ ಅತಿ ಎತ್ತರದ ಜಾಗ ಎಲ್ಲಿ ಬರಬೇಕು ಅನ್ನೋದು ಅಂದದ ಪ್ರಶ್ನೆಯೇ ಅಲ್ಲ. ಮಲಗೋದು ಸಾಮಾನ್ಯವಾಗಿ ತಲೆ ಮುಂದಕ್ಕೆ, ಕಾಲು ಅಡುಗೆಮನೆ ಕಡೆಗೆ. ಎದ್ದು ಕೂತಾಗ ಸೊಂಟ ಇದ್ದಲ್ಲೇ ಇರುತ್ತದೆ, ತಲೆ ಅದರ ಮೇಲಕ್ಕೆ ಬರುತ್ತದೆ, ಅಂದರೆ ಮುಂದಿನ ಗೋಡೆಯಿಂದ ಮೂರಡಿ ಆಚೀಚೆ. ಛಾವಣಿ ಅಲ್ಲಿ ಎತ್ತರ ಇರಲೇಬೇಕು. ಬಾಗಿಲೂ ಅಲ್ಲೇ ಬೇಕು, ಯಾಕೆಂದರೆ ಕೂತು, ತಿರುಗಿ, ಕಾಲು ಹೊರಗೆ ಹಾಕಬೇಕು. ಹಳೆಯ ಗಾಡಿಗಳನ್ನು ಈ ಕಣ್ಣಿನಿಂದ ನೋಡಿ, ಅರ್ಧ ಡಿಸೈನ್ ಅಲ್ಲೇ ಸಿಗುತ್ತದೆ.

ಉದ್ದದ ಲೆಕ್ಕವೂ ಹೀಗೇ. 96 ಇಂಚಿನಲ್ಲಿ ಹಾಸಿಗೆಗೆ 75–76 ಹೋದರೆ ಅಡುಗೆಮನೆಗೆ ಒಂದೂವರೆ ಅಡಿ ಚಿಲ್ಲರೆ. ನೀವು ಆರಡಿಗಿಂತ ಎತ್ತರ ಇದ್ದರೆ ಕಾಲನ್ನು ಅಡುಗೆಮನೆಯ ಮೇಲಿನ ಕಪಾಟಿನ ಕೆಳಗೆ ತೂರಿಸುವ ಹಾಗೆ ಮಾಡಿಕೊಳ್ಳಬಹುದು, ಎಷ್ಟೋ ಜನ ಹಾಗೇ ಮಾಡುತ್ತಾರೆ. ಅಗಲ 4 ಅಡಿ ಇದ್ದರೆ ಇಬ್ಬರಿಗೆ ಇಕ್ಕಟ್ಟು, ಗಂಡ ಹೆಂಡತಿ ಇಬ್ಬರೂ ಹೊರಳಾಡುವವರಾದರೆ 5 ಅಡಿಯೇ ಸರಿ. ಅದರಲ್ಲಿ 54 ಇಂಚಿನ ಫುಲ್ ಹಾಸಿಗೆ ಆರಾಮಾಗಿ ಕೂರುತ್ತದೆ, 60 ಇಂಚಿನ ಕ್ವೀನ್ ಆದರೆ ಗೋಡೆಯ ದಪ್ಪ ಕಳೆದ ಮೇಲೆ ಒತ್ತಿ ತುರುಕಬೇಕು.

ಇನ್ನು ಹೋಗಿ ನೋಡುವ ಜಾಗಗಳು. ಇಂಡಿಯಾನಾದ ಎಲ್ಕ್‌ಹಾರ್ಟ್‌ನಲ್ಲಿ ಆರ್‌ವಿ/ಎಂಎಚ್ ಹಾಲ್ ಆಫ್ ಫೇಮ್ ಅನ್ನೋ ಮ್ಯೂಸಿಯಂ ಇದೆ (ಆರ್‌ವಿ ಅಂದರೆ ಒಳಗೇ ಮಲಗಿ ತಿರುಗಾಡುವ ಗಾಡಿ), ಹಳೆಯ ಟ್ರೇಲರ್‌ಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಶಿಕಾಗೊ ಕಡೆ ಇರುವವರಿಗೆ ಒಂದು ದಿನದ ಕೆಲಸ. ಅಷ್ಟು ದೂರ ಆಗದಿದ್ದರೆ ನಿಮ್ಮ ಹತ್ತಿರದ ಸ್ಟೇಟ್ ಪಾರ್ಕ್‌ಗಳಲ್ಲಿ ಹಳೆಯ ಟ್ರೇಲರ್ ಇರುವವರು ಸೇರುವ ವಾರಾಂತ್ಯ ಯಾವಾಗ ಅಂತ ವಿಚಾರಿಸಿ. ಟಿಯರ್‌ಡ್ರಾಪ್ ಇಟ್ಟುಕೊಂಡವರು ಮಾತಿಗೆ ಸಿಗುವ ಜನ, ನಾನೂ ಒಂದು ಕಟ್ಟಬೇಕು ಅಂತಿದ್ದೀನಿ ಅಂದರೆ ಸಾಕು, ಹ್ಯಾಚ್ ಎತ್ತಿ ತೋರಿಸುತ್ತಾರೆ. ಅಡುಗೆ ಹೊತ್ತಿನಲ್ಲಿ, ಮಲಗುವ ಹೊತ್ತಿನಲ್ಲಿ ಮಾತ್ರ ಹೋಗಬೇಡಿ. ಕೇಳಿಯೇ ಟೇಪ್ ಇಡಿ. ಕೇಳಬೇಕಾದ ಪ್ರಶ್ನೆ ಒಂದೇ: ಮತ್ತೆ ಕಟ್ಟಿದರೆ ಏನು ಬದಲಾಯಿಸುತ್ತೀರಿ? ಅದಕ್ಕೆ ಬರುವ ಉತ್ತರ ಯಾವ ಫೋಟೊದಲ್ಲೂ ಸಿಗುವುದಿಲ್ಲ.

ಅಲ್ಲಿ ಹ್ಯಾಚಿನ ಅಂಚನ್ನು ಚೆನ್ನಾಗಿ ನೋಡಿ. ಮೇಲಿನ ಹಿಂಜ್ ಕೂರುವ ಜಾಗ, ಪಕ್ಕದಲ್ಲಿ ನೀರು ಇಳಿಯುವ ಕಾಲುವೆ, ರಬ್ಬರ್ ಸೀಲ್ ಎರಡು ಸುತ್ತು ಇದೆಯಾ ಒಂದೇನಾ, ಕೆಳಗಿನ ಅಂಚಿನಲ್ಲಿ ಪ್ಲೈವುಡ್ ಕಪ್ಪಾಗಿದೆಯಾ. ಈ ಗಾಡಿಗಳನ್ನು ಹಾಳು ಮಾಡೋದು ನೀರು, ಅದು ಮೊದಲು ನುಗ್ಗುವ ಜಾಗಗಳಲ್ಲಿ ಇದೊಂದು. ಹಳೆಯ ಗಾಡಿಯಲ್ಲಿ ಕೊಳೆತ ಜಾಗ ಕಂಡರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಅದೂ ಡಿಸೈನ್ ಪಾಠವೇ.

ಕಂಪನಿಗಳ ಹೊಸ ಗಾಡಿಗಳನ್ನೂ ಬಿಡಬೇಡಿ, ಆದರೆ ಒಂದೊಂದರಿಂದ ಒಂದೇ ವಿಷಯ ತಗೊಳ್ಳಿ. ಮಿನೆಸೋಟದ ವಿಸ್ಟಾಬ್ಯೂಲ್‌ನಲ್ಲಿ ಮುಂದೆ ದೊಡ್ಡ ಗಾಜಿನ ಕಿಟಕಿ ಇದೆ. ಕೊಲೊರಾಡೊದ ಟಿಂಬರ್‌ಲೀಫ್‌ನಲ್ಲಿ ಮಲಗಿದವರ ಮೇಲೆ ಆಕಾಶ ಕಾಣುವ ಸ್ಕೈಲೈಟ್. ಶೋರೂಮಿನಲ್ಲೋ ಆರ್‌ವಿ ಶೋನಲ್ಲೋ ಇಂಥದ್ದು ಸಿಕ್ಕರೆ ಸುಮ್ನೆ ಬಗ್ಗಿ ನೋಡಿ ಬರಬೇಡಿ. ಶೂ ಬಿಚ್ಚಿ, ಕೇಳಿಕೊಂಡು, ಇಬ್ಬರೂ ಒಳಗೆ ಮಲಗಿ, ಬಾಗಿಲು ಹಾಕಿ ಹತ್ತು ನಿಮಿಷ ಇರಿ. ಫ್ಯಾನ್ ಎಲ್ಲಿ ಬೇಕು, ಕಿಟಕಿ ಎಷ್ಟು ಎತ್ತರದಲ್ಲಿ ಬೇಕು, ಕನ್ನಡಕ ಎಲ್ಲಿಡೋದು, ಎಲ್ಲ ಆಗ ಗೊತ್ತಾಗುತ್ತದೆ. ಛಾವಣಿಗೆ ಹಾಕುವ ಫ್ಯಾನಿಗೆ ಸಾಮಾನ್ಯವಾಗಿ 14 ಇಂಚು ಚೌಕದ ಕಂಡಿ ಬೇಕು, ಅದು ಬಾಗಿನ ಮೇಲೆ ಕೂರೋಲ್ಲ, ಸಪಾಟು ಜಾಗ ಬೇಕು ಅನ್ನೋದು ನೆನಪಿರಲಿ.

ಟ್ರೇಲರ್ ಬಿಟ್ಟು ದೋಣಿಗಳನ್ನೂ ನೋಡಿ. ಮೇರಿಲ್ಯಾಂಡಿನ ಅನ್ನಾಪೊಲಿಸ್‌ನಲ್ಲಿರುವ ಚೆಸಪೀಕ್ ಲೈಟ್ ಕ್ರಾಫ್ಟ್ ಅನ್ನೋ ದೋಣಿ ಕಿಟ್ ಕಂಪನಿ ಟಿಯರ್‌ಡ್ರಾಪ್ ಕಿಟ್ ಕೂಡ ಮಾಡುತ್ತದೆ. ತೆಳು ಪ್ಲೈವುಡ್ ತುಂಡುಗಳನ್ನು ತಂತಿಯಿಂದ ಹೊಲಿದು, ಎಪಾಕ್ಸಿ ಅನ್ನೋ ಗಟ್ಟಿ ಅಂಟು ಹಾಕಿ ಅಂಟಿಸೋದು ದೋಣಿಯವರ ಪದ್ಧತಿ, ಅದನ್ನೇ ಇಲ್ಲಿಗೂ ತಂದಿದ್ದಾರೆ. ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್ಸೆಂಡ್‌ನಲ್ಲಿ ಸೆಪ್ಟೆಂಬರಿನಲ್ಲಿ ನಡೆಯುವ ಮರದ ದೋಣಿಗಳ ಹಬ್ಬಕ್ಕೆ ಹೋದರೆ, ಒಂದಡಿ ಜಾಗವನ್ನೂ ವ್ಯರ್ಥ ಮಾಡದೆ ಕಪಾಟು, ಮಂಚ, ಒಲೆ ಹೇಗೆ ಜೋಡಿಸುತ್ತಾರೆ ಅನ್ನೋದು ಕಣ್ಣಾರೆ ಕಾಣಬಹುದು.

ನಮ್ಮ ಕಡೆಯದೂ ಒಂದಿದೆ. ಉತ್ತರ ಕರ್ನಾಟಕದಲ್ಲಿ ಸವದತ್ತಿ ಎಲ್ಲಮ್ಮನ ಜಾತ್ರೆಗೆ, ಮೈಲಾರಕ್ಕೆ ಹೋಗುವ ಕೊಲ್ಲಾರಿ ಬಂಡಿ ನೋಡಿದ್ದೀರಲ್ವಾ? ಮೇಲೆ ಕಮಾನು, ಒಳಗೆ ಹಾಸಿಗೆ, ದಾರಿಯಲ್ಲಿ ಬಂಡಿ ನಿಲ್ಲಿಸಿ ಪಕ್ಕದಲ್ಲೇ ಅಡುಗೆ. ಬಂಡಿಗೆ ಸಾಮಾನು ಹೇರುವಾಗ ಹಿಂದೆ ಭಾರ ಜಾಸ್ತಿಯಾದರೆ ಮೂಕಿ (ಬಂಡಿಯ ಮುಂದಿನ ಉದ್ದ ಮರ) ಮೇಲೆದ್ದು ನೊಗ ಎತ್ತುತ್ತದೆ, ಅದಕ್ಕೇ ಮುಂದೆ ಒಂಚೂರು ಭಾರ ಇರಬೇಕು ಅಂತ ರೈತರು ನೋಡಿ ಹೇರುತ್ತಾರೆ. ಟ್ರೇಲರಿನಲ್ಲೂ ಅದೇ ನಿಯಮ. ಒಟ್ಟು ತೂಕದ 10ರಿಂದ 15 ಶೇಕಡಾ ಕಾರಿನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರಬೇಕು. ಕಡಿಮೆಯಾದರೆ ಹೈವೇಯಲ್ಲಿ ಗಾಡಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಅದು ಅಪಾಯ. ಅಡುಗೆಮನೆ ಹಿಂದೆ ಇರೋದರಿಂದ ಭಾರ ಹಿಂದಕ್ಕೇ ಎಳೆಯುತ್ತದೆ. ಆದ್ದರಿಂದ ಪ್ರತಿ ಗಾಡಿಯಲ್ಲೂ ಚಕ್ರ ನಡುವಿನಿಂದ ಎಷ್ಟು ಹಿಂದಿದೆ, ಬ್ಯಾಟರಿ ಎಲ್ಲಿದೆ, ನೀರಿನ ಟ್ಯಾಂಕ್ ಎಲ್ಲಿದೆ ಅಂತ ಅಳೆದು ಬರೆದುಕೊಳ್ಳಿ. ನಿಮ್ಮ ಕಾರು ಎಷ್ಟು ಪೌಂಡ್ ಎಳೆಯಬಲ್ಲದು ಅಂತ ಮ್ಯಾನ್ಯುಯಲ್ ತೆಗೆದು ಮೊದಲೇ ನೋಡಿಬಿಡಿ.

ಅಡುಗೆಮನೆಗೆ ಮಾತ್ರ ಅಮೆರಿಕದವರ ಗಾಡಿ ನೋಡಿದರೆ ಸಾಲದು. ಅವರು ಕಾಫಿ ಮಾಡಿ, ಮೊಟ್ಟೆ ಹುರಿದು ಮುಗಿಸುತ್ತಾರೆ. ನಮಗೆ ಒಗ್ಗರಣೆ ಆಗಬೇಕು, ಕುಕ್ಕರ್ ಕೂಗಬೇಕು, ದೋಸೆ ಹೆಂಚು ಕಾಯಬೇಕು. ನಿಮ್ಮ ಕುಕ್ಕರನ್ನು ಒಲೆ ಮೇಲಿಟ್ಟು ವೆಯ್ಟ್ ಸಮೇತ ಎತ್ತರ ಅಳೆಯಿರಿ, ಅದರ ಮೇಲೆ ಕಪಾಟಿನ ಅಡಿ ಎಷ್ಟು ದೂರ ಬರುತ್ತದೆ ನೋಡಿ. ಎತ್ತಿದ ಹ್ಯಾಚಿನ ಅಡಿಗೆ ಒಗ್ಗರಣೆಯ ಎಣ್ಣೆ ಹೊಗೆ ಹೋಗಿ ಅಂಟುತ್ತದೆ, ಹಾಗಾಗಿ ಒಲೆ ಹೊರಗೆ ಜಾರುವ ಡ್ರಾಯರ್ ಮೇಲೆ ಇರುವ ಗಾಡಿಗಳನ್ನೇ ಹುಡುಕಿ ನೋಡಿ ಅಂತ ನಾನು ಹೇಳುತ್ತೇನೆ. ಹೆಂಚಿನ ಅಗಲಕ್ಕೆ ಎರಡು ಬರ್ನರ್ ಮಧ್ಯೆ ಜಾಗ ಇದೆಯಾ ಅನ್ನೋದೂ ಮುಖ್ಯ. ಚಳಿ ಇದೆ ಅಂತ ಮಲಗುವ ಕಡೆ ಮಾತ್ರ ಒಲೆ ಹಚ್ಚಲೇಬೇಡಿ, ಅಷ್ಟು ಸಣ್ಣ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಇಷ್ಟೆಲ್ಲ ಸೇರಿದ ಮೇಲೆ ಕಡಿಮೆ ಮಾಡುವ ಕೆಲಸ. ನನ್ನ ಅಭಿಪ್ರಾಯ ಕೇಳಿದರೆ, ಹೊರಗಿನ ಆಕಾರಕ್ಕೆ ಒಂದು ಹಳೆಯ ಮಾಡೆಲನ್ನು ಹಾಗೇ ಎತ್ತಿಕೊಳ್ಳಿ, ನಿಮ್ಮ ಜಾಣತನವನ್ನೆಲ್ಲ ಅಡುಗೆಮನೆಗೆ ಮತ್ತು ಹಾಸಿಗೆ ಸುತ್ತಿನ ಕಪಾಟುಗಳಿಗೆ ಇಟ್ಟುಕೊಳ್ಳಿ. ಮೂರು ಗಾಡಿಯ ಬಾಗುಗಳನ್ನು ಸೇರಿಸಿ ಹೊಸದೊಂದು ಮಾಡಿದರೆ ಅದು ಯಾವುದರ ಹಾಗೂ ಕಾಣುವುದಿಲ್ಲ.

ಒಂದಡಿಗೆ ಒಂದು ಇಂಚಿನ ಲೆಕ್ಕದಲ್ಲಿ ರಟ್ಟಿನ ಮೇಲೆ ಪಕ್ಕದ ನೋಟ ಬರೆದು ಕತ್ತರಿಸಿ, ಹಾಸಿಗೆ ಮೇಲೆ ಕೂತ ಮನುಷ್ಯನ ರಟ್ಟಿನ ಗೊಂಬೆಯನ್ನೂ ಅದೇ ಸ್ಕೇಲಿನಲ್ಲಿ ಮಾಡಿ ಒಳಗೆ ಕೂರಿಸಿ. ಸರಿ ಅನ್ನಿಸಿದ ಮೇಲೆ ಫ್ರಿಜ್ ಅಥವಾ ಟಿವಿ ಬಂದ ದೊಡ್ಡ ಡಬ್ಬಗಳ ರಟ್ಟನ್ನು ಜೋಡಿಸಿ ಪೂರ್ತಿ ಅಳತೆಯ ಪಕ್ಕ ಬರೆಯಿರಿ. ಬಾಗು ಬರೆಯಲು ತೆಳ್ಳಗಿನ ಮರದ ಪಟ್ಟಿಯೊಂದನ್ನು ನಾಲ್ಕೈದು ಮೊಳೆಗಳ ಸುತ್ತ ಬಗ್ಗಿಸಿ, ಪಟ್ಟಿ ತಾನಾಗೇ ಎಲ್ಲಿ ಬಗ್ಗುತ್ತದೋ ಅಲ್ಲಿ ಗೆರೆ ಎಳೆಯಿರಿ. ಪಟ್ಟಿ ಒಪ್ಪದ ಕಡೆ ಛಾವಣಿಯ ಪ್ಲೈವುಡ್ ಕೂಡ ಒಪ್ಪುವುದಿಲ್ಲ, ಬಾಗನ್ನು ಅಲ್ಲಿ ಸಡಿಲ ಮಾಡಿ. ಆ ರಟ್ಟನ್ನು ಗ್ಯಾರೇಜಿನ ಗೋಡೆಗೆ ನಿಲ್ಲಿಸಿ, ಮುಂದೆ ಹಾಸಿಗೆ ಹಾಕಿ ಮಲಗಿ, ಎದ್ದು ಕೂತು, ಬಾಗಿಲು ಬರೆದ ಕಡೆಯಿಂದ ಇಳಿದು ನೋಡಿ. ತಲೆ ತಗುಲಿದ ಕಡೆ ಗುರುತು ಹಾಕಿ, ಸರಿಮಾಡಿ, ಇನ್ನೊಮ್ಮೆ ಮನೆಯವರನ್ನೂ ಕೂರಿಸಿ ನೋಡಿ. ಆ ರಟ್ಟನ್ನೇ ಅಚ್ಚು ಮಾಡಿಕೊಂಡು ಮೊದಲ ಶೀಟಿನ ಮೇಲೆ ಗೆರೆ ಎಳೆಯಬಹುದು.