ಬಿಡ್ತು ಅನ್ನಿ, ಆದರೂ ಓದಿ: ಬ್ರಿಟನ್ನಿಗೆ ಬರುವ ನರ್ಸ್, ಡಾಕ್ಟರ್ ಮನೆಯವರಿಗೆ

ಕರಿಬೇವು ಎಲ್ಲಿ ಸಿಗುತ್ತದೆ, ಚಳಿಗೆ ಎಂಥ ಕೋಟು ಬೇಕು ಅಂತ ಹೇಳಿಕೊಡೋಕೆ ನಿಮಗೆ ನೂರು ಜನ ಸಿಗುತ್ತಾರೆ. ನಾನು ಹೇಳೋಕೆ ಹೊರಟಿರುವುದು ಯಾರೂ ಬಾಯಿಬಿಟ್ಟು ಕೇಳದ ವಿಷಯ. ವೀಸಾ ಯಾರ ಕೆಲಸದ ಮೇಲೆ ನಿಂತಿದೆಯೋ ಅವರೇ ಹೋಗಿಬಿಟ್ಟರೆ ಉಳಿದವರ ಗತಿ ಏನು? 'ಬಿಡ್ತು ಅನ್ನಿ' ಅಂತೀರಿ. ನಾನೂ ಹಾಗೇ ಅಂದಿದ್ದೆ.

2020ರ ಏಪ್ರಿಲ್, ಲೆಸ್ಟರ್. ನಮ್ಮ ಬೀದಿಯಲ್ಲೇ ಒಬ್ಬ ಗೆಳೆಯ ಇದ್ದ. ಅರಸೀಕೆರೆ ಕಡೆಯವನು, ಆಸ್ಪತ್ರೆಯಲ್ಲಿ ನರ್ಸ್. 2018ರಲ್ಲಿ ನಾನು ಬಂದಿಳಿದಾಗ ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋದವನು ಅವನೇ. ಕೊರೊನಾ ವಾರ್ಡಿನಲ್ಲಿ ಡ್ಯೂಟಿ ಮಾಡುತ್ತಿದ್ದವನು ಅದೇ ಕಾಯಿಲೆಯಲ್ಲಿ ತೀರಿಕೊಂಡ. ಜುಲೈಗೆ ಅವನು ಕೆಲಸದ ವೀಸಾದಲ್ಲಿ ಇಲ್ಲಿಗೆ ಬಂದು ಐದು ವರ್ಷ ತುಂಬುತ್ತಿತ್ತು. ತುಂಬಿದ್ದರೆ ಐಎಲ್‌ಆರ್‌ಗೆ, ಅಂದರೆ ನಮ್ಮವರು ಪಿಆರ್ ಅನ್ನುವ ಕಾಯಂ ನೆಲೆಯ ಹಕ್ಕಿಗೆ, ಅರ್ಜಿ ಹಾಕುತ್ತಿದ್ದ. ಮೂರೇ ತಿಂಗಳು ಕಮ್ಮಿ.

ಆ ದಿನಗಳಲ್ಲಿ ಇಲ್ಲಿ ಗುರುವಾರ ರಾತ್ರಿ ಎಂಟಕ್ಕೆ ಎಲ್ಲರೂ ಬಾಗಿಲಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಅವನು ಹೋದ ವಾರವೂ ತಟ್ಟಿದರು. ಅವನ ಮೂರು ವರ್ಷದ ಮಗ ಅಭ್ಯಾಸದಂತೆ ಇಡ್ಲಿ ಪಾತ್ರೆಯ ಮುಚ್ಚಳ, ಸೌಟು ಹಿಡಿದು ಹೊರಗೆ ಓಡಿ ಬಂದ. ಅವನಮ್ಮ ಒಳಗೆ ಲೈಟ್ ಆರಿಸಿಕೊಂಡು ಕೂತಿದ್ದರು. ಬೀದಿಯವರಿಗೆ ವಿಷಯ ಗೊತ್ತಿತ್ತು. ಆದರೂ ಆ ಹುಡುಗ ನಿಲ್ಲಿಸುವವರೆಗೆ ಯಾರೂ ಚಪ್ಪಾಳೆ ನಿಲ್ಲಿಸಲಿಲ್ಲ.

ನಾನು ಮಾಡಿದ ಮೊದಲ ತಪ್ಪು ಈಗ ಕೇಳಿ. ಹದಿಮೂರು ದಿನ ಕಳೆಯುವ ಮೊದಲೇ ಹೋಗಿ, ಹಿರಿಯಣ್ಣನ ಹಾಗೆ ಗತ್ತಿನಿಂದ, 'ನೀವು ಊರಿಗೆ ಹೋಗಿಬಿಡೋದೇ ಒಳ್ಳೇದಮ್ಮ' ಅಂದುಬಿಟ್ಟೆ. ವಿಮಾನ ಇರಲಿಲ್ಲ. ಬಿಟ್ಟ ದಿನ ಸೀಟು ಸಿಗಲಿ ಅಂತ ಅವರ ಹೆಸರು ಬರೆಸೋಕೂ ಓಡಾಡಿದೆ. ಅವರು ತಲೆ ಎತ್ತದೆ, 'ಅಣ್ಣಾ, ಇವನಿಗೆ ಸೆಪ್ಟೆಂಬರಿಗೆ ನರ್ಸರಿ ಸೀಟು ಸಿಕ್ಕಿದೆ' ಅಂದರು, ಅಷ್ಟೇ. ನಾನು ಅದನ್ನು ಉತ್ತರ ಅಂತ ತಿಳಿಯಲೇ ಇಲ್ಲ. ಗಂಡ ಹೋದ ಹೆಣ್ಣು ತವರಿಗೆ ಹೋಗಬೇಕು ಅನ್ನುವುದು ನಮ್ಮ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿರುತ್ತದೆ.

ಏಪ್ರಿಲ್ 29ಕ್ಕೆ ಸರ್ಕಾರ ಒಂದು ಘೋಷಣೆ ಮಾಡಿತು. ಕೊರೊನಾದಿಂದ ಸತ್ತ ವಿದೇಶಿ ವೈದ್ಯರು, ನರ್ಸ್‌ಗಳು ಮತ್ತು ಅವರಂಥ ಆರೋಗ್ಯ ಸಿಬ್ಬಂದಿಯ ಮನೆಯವರಿಗೆ ಶುಲ್ಕವಿಲ್ಲದೆ ನೇರವಾಗಿ ಐಎಲ್‌ಆರ್. ಅದಕ್ಕೂ ಮೊದಲೇ ಸತ್ತವರ ಮನೆಯವರಿಗೂ ಅನ್ವಯ. ಆದರೆ ಕಸ ಗುಡಿಸುವವರು, ರೋಗಿಗಳನ್ನು ತಳ್ಳುವವರು, ವೃದ್ಧರನ್ನು ನೋಡಿಕೊಳ್ಳುವವರು ಅದರಲ್ಲಿರಲಿಲ್ಲ. ಸಿರಿಯಾದಿಂದ ನಿರಾಶ್ರಿತನಾಗಿ ಬಂದು ಲಂಡನ್ನಿನ ಆಸ್ಪತ್ರೆಯಲ್ಲಿ ಕ್ಲೀನರ್ ಆಗಿದ್ದ ಹಸನ್ ಅಕ್ಕಾದ್ ಪ್ರಧಾನಿಯನ್ನೇ ಕೇಳುವಂತೆ ಒಂದು ವಿಡಿಯೋ ಮಾಡಿ ಹಾಕಿದ. ಅದೇ ದಿನ, ಮೇ 20ಕ್ಕೆ, ಅವರನ್ನೂ ಸೇರಿಸಿದರು. ಕಾರಲ್ಲಿ ಕೂತು ಮಾಡಿದ ಆ ವಿಡಿಯೋ ಮುಂದೆ ನಮ್ಮ ಸಂಘದ ಮನವಿಪತ್ರಗಳೆಲ್ಲ ಏನು ಮಹಾ!

ನನ್ನ ಮಾತು ಕೇಳಿ ಹೊರಟುಹೋಗಿದ್ದರೆ ಆ ತಾಯಿಗೆ ಇದೆಲ್ಲ ಎಷ್ಟು ಕಷ್ಟವಾಗುತ್ತಿತ್ತೋ. ಪುಣ್ಯಕ್ಕೆ ಹೋಗಲಿಲ್ಲ. ಹಾಗಾಗಿ ಸಾವಿನ ಮನೆಯಲ್ಲಿ ಯಾರಿಗೂ 'ಊರಿಗೆ ಹೋಗಿ' ಅನ್ನಬೇಡಿ. ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಕರೆದುಕೊಂಡು ಹೋಗಿ.

ಆ ವ್ಯವಸ್ಥೆ ಇದ್ದದ್ದು ಕೊರೊನಾದಿಂದ ಸತ್ತವರ ಮನೆಯವರಿಗೆ ಮಾತ್ರ. ನೈಟ್ ಡ್ಯೂಟಿ ಮುಗಿಸಿ ಬರುವಾಗ ಹೆದ್ದಾರಿಯಲ್ಲಿ ಅಪಘಾತವಾದರೆ ಅದು ಲೆಕ್ಕಕ್ಕಿಲ್ಲ. ಗಂಡನೋ ಹೆಂಡತಿಯೋ ಬ್ರಿಟಿಷ್ ಪ್ರಜೆ ಅಥವಾ ಐಎಲ್‌ಆರ್ ಇರುವವರಾಗಿದ್ದು, ನೀವು ಅವರ ಸಂಗಾತಿಯ ವೀಸಾದಲ್ಲಿದ್ದರೆ, ಅವರು ಹೋದಾಗ ಐದು ವರ್ಷ ಕಾಯದೆ, ಬ್ರಿಟನ್ನಿನ ಇತಿಹಾಸ, ಬದುಕಿನ ಬಗ್ಗೆ ಕೇಳುವ 'ಲೈಫ್ ಇನ್ ದಿ ಯುಕೆ' ಪರೀಕ್ಷೆಯೂ ಇಲ್ಲದೆ ಐಎಲ್‌ಆರ್ ಕೇಳುವ ದಾರಿ ಇದೆ. ಬರೀ ಕೆಲಸದ ವೀಸಾದ ಡಿಪೆಂಡೆಂಟ್‌ಗೆ, ಅಂದರೆ ಆ ವೀಸಾ ಇರುವವರ ಜೊತೆ ಬಂದ ಮನೆಯವರಿಗೆ, ಆ ಬಾಗಿಲು ಇಲ್ಲ. ಬೇರೆ ವೀಸಾ ನೋಡಿಕೊಳ್ಳಿ, ಇಲ್ಲವೇ ದೇಶ ಬಿಡಿ ಅಂತ ಸಾಮಾನ್ಯವಾಗಿ 60 ದಿನದ ಗಡುವು ಹಾಕಿ ಒಂದು ಕಾಗದ ಬರುತ್ತದೆ. ಹಾಗಾಗಿ ಇಡೀ ಮನೆಯ ವೀಸಾವನ್ನು ಒಬ್ಬರ ಉಸಿರಿಗೆ ಕಟ್ಟಿ ಕೂರಬೇಡಿ. ಡಿಪೆಂಡೆಂಟ್ ಆಗಿ ಬಂದವರೂ ಇಲ್ಲೇ ಕೆಲಸ ಹುಡುಕಿ ತಮ್ಮದೇ ವೀಸಾಗೆ ಬದಲಾಯಿಸಿಕೊಳ್ಳಬಹುದು. ಮಗು ದೊಡ್ಡದಾಗಲಿ, ಆಮೇಲೆ ನೋಡೋಣ ಅಂತ ಎಲ್ಲರೂ ಅನ್ನುತ್ತಾರೆ, ನಮ್ಮ ಮನೆಯಲ್ಲೂ ಅಂದೆವು.

ಇನ್ನು ನನ್ನ ದೊಡ್ಡ ದಡ್ಡತನ. 2019ರಲ್ಲಿ ನನ್ನ ಹೆಂಡತಿ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಅಂದರು ಅತ್ತೆ. ನನಗೂ ಸರಿ ಅನ್ನಿಸಿತು. ಇಲ್ಲಿ ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವವರು ಯಾರಿದ್ದಾರೆ? ಏಳನೇ ತಿಂಗಳಿಗೆ ಶಿವಮೊಗ್ಗಕ್ಕೆ ಹೋದವಳು ಮಗುವಿಗೆ ಐದು ತಿಂಗಳಾದ ಮೇಲೆ ಬಂದಳು. 2023ರಲ್ಲಿ ಐಎಲ್‌ಆರ್ ಫಾರಂ ತುಂಬುತ್ತಾ ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿದೆ. 231 ದಿನ. ಯಾವುದೇ ಹನ್ನೆರಡು ತಿಂಗಳಲ್ಲಿ 180 ದಿನಕ್ಕಿಂತ ಜಾಸ್ತಿ ಹೊರಗಿರುವಂತಿಲ್ಲ. ಪ್ರಾಣಾಪಾಯದ ಕಾಯಿಲೆ, ಯುದ್ಧ, ಪ್ರವಾಹಕ್ಕೆ ವಿನಾಯಿತಿ ಇದೆ, ಬಾಣಂತನಕ್ಕೆ ಇಲ್ಲ! ಅವಳ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ನನಗೆ ಆ ವರ್ಷ ಐಎಲ್‌ಆರ್ ಬಂತು, ಅವಳಿಗೆ ಬಂದಿದ್ದು 2025ರಲ್ಲಿ. ಅಪ್ಪ ಅಮ್ಮ ಇಬ್ಬರಿಗೂ ಆಗಬೇಕಲ್ಲ, ಮಗಳೂ ಕಾದಳು. ಇಲ್ಲೇ ಹುಟ್ಟಿದ್ದರೆ ನನ್ನ ಐಎಲ್‌ಆರ್ ಬಂದ ಮರುದಿನವೇ ಅವಳನ್ನು ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸಲು ಅರ್ಜಿ ಹಾಕಬಹುದಿತ್ತು. ಅತ್ತೆಯನ್ನೇ ಇಲ್ಲಿಗೆ ಕರೆಸಿಕೊಳ್ಳಿ, ವಿಸಿಟರ್ ವೀಸಾ ಅದಕ್ಕೇ ಇರುವುದು. ಸೀಗೆಪುಡಿ ಅವರೇ ತರುತ್ತಾರೆ.

ಉಳಿದ ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಪೌರತ್ವಕ್ಕೆ ಸಾಮಾನ್ಯವಾಗಿ ಇಲ್ಲಿ ಐದು ವರ್ಷ ವಾಸ, ಐಎಲ್‌ಆರ್ ಆಗಿ 12 ತಿಂಗಳು, ಆ ಐದು ವರ್ಷದಲ್ಲಿ ಹೊರಗಿದ್ದದ್ದು 450 ದಿನದೊಳಗೆ, ಕೊನೇ ವರ್ಷ 90ರೊಳಗೆ. ಲೈಫ್ ಇನ್ ದಿ ಯುಕೆ ಪರೀಕ್ಷೆಯಲ್ಲಿ 24 ಪ್ರಶ್ನೆ, 18 ಸರಿಯಾದರೆ ಪಾಸು. ಎಂಟನೇ ಹೆನ್ರಿಯ ಆರು ಹೆಂಡಿರ ಕಥೆ ಬಾಯಿಪಾಠ ಮಾಡಿ. ಐಎಲ್‌ಆರ್‌ಗೆ ಐದು ವರ್ಷದ ಬದಲು ಹತ್ತು ಮಾಡುವ ಪ್ರಸ್ತಾಪ 2025ರಲ್ಲಿ ಬಂದಿದೆ, ಅರ್ಜಿಗೆ ಮೊದಲು ಆ ದಿನದ ನಿಯಮ ನೋಡಿಕೊಳ್ಳಿ.

ಗೆಳೆಯನ ಮನೆಯಲ್ಲಿ ಅಮ್ಮನಿಗಿಂತ ಮೊದಲು ಮಗ ಬ್ರಿಟಿಷ್ ಪ್ರಜೆಯಾದ. ಅವನು ಹುಟ್ಟಿದ್ದು ಇಲ್ಲೇ. ಅಮ್ಮ 2022ರಲ್ಲಿ ಪ್ರಮಾಣ ಮಾಡಿದರು. ಗೋಡೆಯ ಮೇಲೆ ರಾಣಿಯ ಫೋಟೋ. ಇವರು ಮದುವೆಯ ಮೈಸೂರು ಸಿಲ್ಕ್ ಉಟ್ಟಿದ್ದರು. ಫೋಟೋ ತೆಗೆಯುವವನು ನಗಿ ಅಂದ. ಅವರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ.

ಅಲ್ಲೂ ನಾವು ಒಂದು ತಪ್ಪು ಮಾಡಿದ್ದೆವು. ಗೆಳೆಯನ ಬೂದಿ ಎರಡು ವರ್ಷದಿಂದ ಬೀರುವಿನಲ್ಲಿ, ಸ್ವೆಟರುಗಳ ಹಿಂದೆ ಇತ್ತು. ಇಲ್ಲಿ ಸೋರ್ ನದಿಯಲ್ಲಿ ಬಿಡುವವರಿದ್ದಾರೆ, ಆದರೆ ಅವರಿಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯೇ ಆಗಬೇಕಿತ್ತು. ಪ್ರಮಾಣಕ್ಕೆ ಮೊದಲೇ ಹೋಗಿ ಬರಬೇಕಿತ್ತು. ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಹಳೇ ಪಾಸ್‌ಪೋರ್ಟ್ ಒಪ್ಪಿಸಿ, ಅದರ ಪ್ರಮಾಣಪತ್ರ ಪಡೆದು, ಆಮೇಲೆ ಓಸಿಐ ಕಾರ್ಡು (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾಯಂ ವೀಸಾದಂಥದ್ದು) ಕೈಗೆ ಬರುವ ತನಕ ಸ್ವಂತ ಊರಿಗೆ ಹೋಗೋಕೂ ವೀಸಾ ಬೇಕು ಅನ್ನುವುದು ಬೀರುವಿನಲ್ಲಿ ಬೂದಿ ಇಟ್ಟುಕೊಂಡಾಗಲೇ ತಟ್ಟೋದು.

ಜಮೀನಿನ ವಿಷಯ ಮರೆಯಬೇಡಿ. ಓಸಿಐ ಇರುವವರು ಕೃಷಿಭೂಮಿ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಇಲ್ಲಿನ ಮರಣಪತ್ರಕ್ಕೆ ಅಪಾಸ್ಟಿಲ್ ಮುದ್ರೆ (ಕಾಗದ ಅಸಲಿ ಅಂತ ಹೊರದೇಶದವರಿಗೆ ಹೇಳುವ ಸರ್ಕಾರಿ ಮುದ್ರೆ) ಹಾಕಿಸಿ ಒಯ್ಯಿರಿ. ಸಾವು ನೋಂದಾಯಿಸುವಾಗಲೇ ಐದಾರು ಪ್ರತಿ ತೆಗೆದುಕೊಳ್ಳಿ. ನಾವು ಒಂದೇ ತೆಗೆದುಕೊಂಡಿದ್ದೆವು.

ಕೊನೆಗೆ ನಾಡಕಚೇರಿಗೆ ಅವರ ಜೊತೆ ನಾನೂ ಹೋಗಿದ್ದೆ. ವಂಶವೃಕ್ಷ, ಖಾತೆ ಎಲ್ಲ ಮುಗಿದು ಹೊಸ ಪಹಣಿ ಕೈಗೆ ಬಂತು. ಹುಡುಗ ಅದನ್ನು ಕಿತ್ತುಕೊಂಡು ಮೇಲಿಂದ ಕೆಳಗೆ ನೋಡಿದ.

'ಮಾಮ, ಇದರಲ್ಲಿ ನನ್ನ ಹೆಸರು ಎಲ್ಲಿದೆ?' ಅಂತ ಇಂಗ್ಲಿಷಿನಲ್ಲಿ ಕೇಳಿದ. ಬೆರಳಿಟ್ಟು ತೋರಿಸಿದೆ. ಹೆಸರಿನ ಪಕ್ಕ ಅಪ್ಪನ ಹೆಸರೂ ಇತ್ತು. ಅದನ್ನೂ ನಾನೇ ಓದಿ ಹೇಳಬೇಕಾಯಿತು.