ಕಾಯುವಿಕೆಯನ್ನು ತುಣುಕುಗಳಲ್ಲಿ ಕಟ್ಟಿದ ಬಗೆ

ಕಾಸರಗೋಡಿನ ಒಳನಾಡಿನಲ್ಲಿ ಜನ ಹೇಗೆಲ್ಲ ಕಾಯುತ್ತಾರೆ ಎಂಬುದನ್ನು ಧ್ವನಿ, ಚಿತ್ರ ಮತ್ತು ಒಂದೆರಡು ಸಾಲು ಬರಹದಲ್ಲಿ ಹಿಡಿದು, ಫೋನಿನಲ್ಲಿ ಕೇಳುವ ಹಾಗೆ ಮಾಡಿದ ಕೆಲಸ ನಮ್ಮದು. ಒಟ್ಟು 36 ತುಣುಕುಗಳಿವೆ. ಚಿಕ್ಕದು 20 ಸೆಕೆಂಡು, ದೊಡ್ಡದು ಒಂದೂಕಾಲು ನಿಮಿಷ. ಮೊದಲಿನಿಂದ ಕೊನೆಯವರೆಗೆ ಇದೇ ದಾರಿ ಎಂಬುದಿಲ್ಲ. ಒಂದು ತುಣುಕು ಮುಗಿದಾಗ ಮೂರು ಕವಲು ಕಾಣಿಸುತ್ತವೆ, ಕೇಳುಗರು ಒಂದನ್ನು ಮುಟ್ಟುತ್ತಾರೆ. ಒಮ್ಮೆ ಕೂತರೆ ಹತ್ತು ಹನ್ನೆರಡು ತುಣುಕು ಕೇಳಿ ಏಳುತ್ತಾರೆ, ಉಳಿದವು ಇನ್ನೊಮ್ಮೆ ಬಂದಾಗ ಸಿಗುತ್ತವೆ.

ಇದನ್ನೇ ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡಬಹುದಿತ್ತು. ಆದರೆ ಒಂದೇ ಗೆರೆಯಲ್ಲಿ ಹೇಳಲು ಹೊರಟ ಕೂಡಲೇ ನೋಡುವವರ ಗಮನವೆಲ್ಲ ಫಲದ ಕಡೆಗೆ ಓಡುತ್ತದೆ. ಸುರಂಗದಲ್ಲಿ ನೀರು ಸಿಕ್ಕಿತೋ ಇಲ್ಲವೋ, ಮಗ ದುಬಾಯಿಯಿಂದ ಬಂದನೋ ಇಲ್ಲವೋ. ಕಾಯುತ್ತಿರುವವರಿಗೆ ಆ ಹೊತ್ತಿನಲ್ಲಿ ಫಲ ಗೊತ್ತಿರುವುದಿಲ್ಲ, ಅವರ ಪಾಲಿಗೆ ಇರುವುದು ಆ ಹೊತ್ತು ಮಾತ್ರ. ಹಾಗಾಗಿ ಪ್ರತಿ ತುಣುಕನ್ನೂ ಫಲ ತಿಳಿಯುವ ಮೊದಲೇ ಕತ್ತರಿಸಿದೆವು. ಸಂಕಲನ ಮಾಡುವಾಗ ಇದು ಕೈಗೆ ಬಹಳ ಕಷ್ಟದ ಕೆಲಸ, ಏಕೆಂದರೆ ಚೆನ್ನಾಗಿ ಮಾತಾಡುವವರು ಯಾವಾಗಲೂ ಫಲ ಹೇಳಿಯೇ ಮಾತು ಮುಗಿಸುತ್ತಾರೆ.

ವಸ್ತುವಿಗೆ ನಾಲ್ಕು ನೆಲೆ ಆರಿಸಿಕೊಂಡೆವು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗಗಳು ಒಂದು: ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಒಬ್ಬರು ನುಗ್ಗುವಷ್ಟೇ ಅಗಲಕ್ಕೆ ಪಿಕ್ಕಾಸಿನಲ್ಲಿ ಕೊರೆಯುತ್ತ, ಒರತೆ ಸಿಗುವವರೆಗೆ ಹೋಗುವುದು. ಎರಡನೆಯದು ಅಂಗಳದಲ್ಲಿ ಹರವಿದ ಅಡಿಕೆ. ಅದು ಒಣಗಿ ಚಾಲಿ (ಸುಲಿಯಲು ಸಿದ್ಧವಾದ ಒಣ ಅಡಿಕೆ) ಆಗಲು ಸುಮಾರು 40ರಿಂದ 45 ದಿನ ಬಿಸಿಲು ಬೇಕು, ಅಷ್ಟು ದಿನವೂ ಕಣ್ಣು ಮೋಡದ ಮೇಲೆ. ಮೂರನೆಯದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಹಚ್ಚಿಕೊಂಡು, ತಡರಾತ್ರಿಯ ಪ್ರವೇಶಕ್ಕಾಗಿ ಕೂತಿರುವ ವೇಷಧಾರಿ. ನಾಲ್ಕನೆಯದು ಗಲ್ಫಿಗೆ ಹೋದವರ ಮನೆ.

ಒಂದನ್ನು ಬೇಕೆಂದೇ ಬಿಟ್ಟೆವು. ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳಲ್ಲೂ ಕಾಯುವಿಕೆ ಇದೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಆ ಕಾಯುವಿಕೆಗೆ ಉತ್ತರ ಹೇಳಬೇಕಾದವರು ಇದ್ದಾರೆ, ತಾರೀಕುಗಳಿವೆ, ಕಾಗದಪತ್ರಗಳಿವೆ. ಅದನ್ನು ಕವಲುಕವಲಾಗಿ ಒಡೆದು ಅಡಿಕೆ ಅಂಗಳದ ಪಕ್ಕ ಇಟ್ಟರೆ ಅನ್ಯಾಯ ಬರಿಯ ಮನಃಸ್ಥಿತಿಯಾಗಿಬಿಡುತ್ತದೆ. ಯಾರು ಯಾವಾಗ ಏನು ಮಾಡಬೇಕಿತ್ತು ಎಂಬುದು ಮುಖ್ಯವಾದಲ್ಲಿ ಗೆರೆ ಎಳೆದ ಹಾಗೆ, ಕ್ರಮವಾಗಿಯೇ ಹೇಳಬೇಕು. ಕವಲೊಡೆಯುವ ಈ ಪ್ರಕಾರ ಎಲ್ಲ ವಸ್ತುವಿಗೂ ಸಲ್ಲುವುದಿಲ್ಲ.

ಮಾತು ಕೇಳುವಾಗ “ಆಗ ನಿಮಗೆ ಏನನ್ನಿಸಿತು?” ಎಂದು ಕೇಳಬಾರದು. ಆ ಪ್ರಶ್ನೆಗೆ “ಬಹಳ ಬೇಜಾರಾಯ್ತು” ಎಂಬ ಉತ್ತರವೇ ಸಿಗುತ್ತದೆ. “ಅಜ್ಜಿ, ಆಗ ನಿಮ್ಮ ಕೈಯಲ್ಲಿ ಏನಿತ್ತು?”, “ಎಲ್ಲಿ ಕೂತಿದ್ದಿರಿ, ಅಲ್ಲಿಂದ ಏನು ಕಾಣುತ್ತಿತ್ತು?”, “ಆ ಹೊತ್ತಿಗೆ ಕಿವಿಗೆ ಬೀಳುತ್ತಿದ್ದ ಸದ್ದು ಯಾವುದು?” ಇವು ಕೆಲಸ ಮಾಡುತ್ತವೆ. ಒಪ್ಪಿಗೆಯನ್ನು ಎರಡು ಸಲ ಧ್ವನಿಯಲ್ಲೇ ತೆಗೆದುಕೊಳ್ಳುತ್ತೇವೆ: ಶುರುವಿನಲ್ಲಿ ಒಮ್ಮೆ, ಎಲ್ಲ ಹೇಳಿಯಾದ ಮೇಲೆ ಮತ್ತೊಮ್ಮೆ. ತಾವು ಏನೇನು ಹೇಳಿದ್ದೇವೆ ಎಂಬುದು ಅವರಿಗೇ ಗೊತ್ತಾದ ಮೇಲೆ ಕೊಟ್ಟ ಒಪ್ಪಿಗೆಯೇ ನಿಜವಾದದ್ದು. ಗಲ್ಫಿನ ತುಣುಕುಗಳಲ್ಲಿ ಹೆಸರು, ಕಂಪನಿ, ಊರು ಮೂರನ್ನೂ ಕತ್ತರಿಸಿದೆವು.

ಧ್ವನಿಮುದ್ರಣ ವೇವ್ ಫೈಲಿನಲ್ಲಿ, 48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಇಟ್ಟುಕೊಂಡರೆ ಜೋರು ನಗೆಗೂ ಕೆಮ್ಮಿಗೂ ಜಾಗ ಉಳಿಯುತ್ತದೆ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಆ ಜಾಗದ ಸದ್ದನ್ನೇ ಹಿಡಿಯಬೇಕು; ಮಾತಿನ ನಡುವೆ ಕತ್ತರಿಸಿದ ಕಡೆ ತೇಪೆ ಹಾಕಲು ಅದಲ್ಲದೆ ಬೇರೆ ದಾರಿಯಿಲ್ಲ. ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಮಾತು ಹಿಡಿಯಲು ಹೋಗಬೇಡಿ, ಆ ಸದ್ದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿಯಾಗಿ ಬೇರ್ಪಡಿಸುವುದಿಲ್ಲ. ಸುರಂಗದೊಳಗೆ ಮನೆಯವರ ಜೊತೆಗಲ್ಲದೆ ಹೋಗಬಾರದು. ಉದ್ದದ ಸುರಂಗಗಳಲ್ಲಿ ಗಾಳಿ ತೆಳುವಾಗುತ್ತದೆ, ಮಣ್ಣು ಕುಸಿಯುವ ಭಯವೂ ಉಂಟು. ಯಂತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮೈಕನ್ನು ಮಾತ್ರ ಹೊರಗೆ ಬಿಡಿ, ಒಳಗಿನ ತೇವ ಸ್ವಲ್ಪ ಹೊತ್ತಿನಲ್ಲೇ ಎಲ್ಲದರ ಮೇಲೂ ಕೂರುತ್ತದೆ.

ಕೆಲವು ಮನೆಗಳಲ್ಲಿ ಗಲ್ಫಿನಿಂದ ಬಂದ ಹಳೆಯ ಕ್ಯಾಸೆಟ್ಟುಗಳಿವೆ. ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಬಂದಿರುತ್ತದೆ. ಕ್ಯಾಸೆಟ್ಟಿನ ಕಿಂಡಿಯಿಂದ ನೋಡಿದರೆ ಸುರುಳಿಯ ಅಂಚಿನಲ್ಲಿ ಕಾಣುತ್ತದೆ. ಅಂಥದ್ದನ್ನು ಹಾಗೆಯೇ ಪ್ಲೇಯರಿಗೆ ಹಾಕಿದರೆ ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಮೊದಲು ಶುಚಿ ಮಾಡಿಸಿ, ಪ್ರತಿ ಕ್ಯಾಸೆಟ್ಟಿನ ನಂತರ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಈಗಿನ ವಾಟ್ಸಾಪ್ ಧ್ವನಿಸಂದೇಶಗಳು ಓಪಸ್ ಸ್ವರೂಪದಲ್ಲಿರುತ್ತವೆ, ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ವೇವ್‌ಗೆ ತಿರುಗಿಸಿಕೊಂಡರೆ ಆಯಿತು. ಅವುಗಳ ಕಿರಿದಾದ ಧ್ವನಿಯನ್ನು ತಿದ್ದಲು ಹೋಗಲಿಲ್ಲ. ಆ ಕಿರಿದುತನದಲ್ಲೇ ದೂರ ಇದೆ.

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಡುವುದು ಜೋಡಣೆ. ಅಡಿಕೆಯಿಂದ ಅಡಿಕೆಗೆ, ಗಲ್ಫಿನಿಂದ ಗಲ್ಫಿಗೆ ಕೊಂಡಿ ಹಾಕಿದರೆ ಅದು ಮಾಹಿತಿಯ ಕಪಾಟಾಗುತ್ತದೆ, ಭಾವ ಹುಟ್ಟುವುದಿಲ್ಲ. ಆ ಕ್ಷಣದಲ್ಲಿ ಮೈ ಏನು ಮಾಡುತ್ತಿತ್ತು ಎಂಬುದನ್ನು ಹಿಡಿದು ಕೊಂಡಿ ಹಾಕಬೇಕು. ಸುರಂಗ ಕೊರೆಯುವವರು ಪಿಕ್ಕಾಸು ನಿಲ್ಲಿಸಿ ಕಲ್ಲಿಗೆ ಕಿವಿಯಿಡುತ್ತಾರೆ. ತಾಯಿ ಫೋನಿನ ಆ ಕಡೆಯ ಮೌನಕ್ಕೆ ಕಿವಿಯಿಡುತ್ತಾಳೆ. ವೇಷಧಾರಿ ಚೌಕಿಯಲ್ಲಿ ಕೂತು ರಂಗಸ್ಥಳದ ಚೆಂಡೆಗೆ ಕಿವಿಯಿಟ್ಟಿರುತ್ತಾನೆ. ಮೂವರಿಗೂ ವಿಷಯದ ಸಂಬಂಧವಿಲ್ಲ, ಕಿವಿಯ ಸಂಬಂಧವಿದೆ. ಒಂದರಿಂದ ಇನ್ನೊಂದಕ್ಕೆ ಹೋದ ಕೇಳುಗರಿಗೆ ಯಾರೂ ವಿವರಿಸದೆಯೇ ಅದು ತಾಗುತ್ತದೆ.

ಇದನ್ನು ಕಂಪ್ಯೂಟರ್ ಮುಟ್ಟುವ ಮೊದಲು ರಟ್ಟಿನ ಕಾರ್ಡುಗಳಲ್ಲಿ ಮಾಡಿ. ಒಂದು ತುಣುಕಿಗೆ ಒಂದು ಕಾರ್ಡು. ನಮ್ಮ 14ನೇ ಕಾರ್ಡು ಹೀಗಿದೆ. ಪಿಕ್ಕಾಸು ನಿಲ್ಲುತ್ತದೆ, ಕಿವಿ ಕಲ್ಲಿಗೆ, 48 ಸೆಕೆಂಡು. ಒಳಬರುವ ಪದ: ಕಿವಿಗೊಡು, ಕತ್ತಲು. ಹೊರಹೋಗುವ ಪದ: ಕಿವಿಗೊಡು, ಉಸಿರು, ಮತ್ತೆ ಶುರು. ತೀವ್ರತೆ 3. ಆಯುಸ್ಸು 1, ಅಂದರೆ ಒಬ್ಬ ಕೇಳುಗರಿಗೆ ಒಂದೇ ಸಲ ಕಾಣಿಸಬೇಕು. ಮುಗಿದ ತುಣುಕಿನ ಹೊರಪದಗಳಲ್ಲಿ ಯಾವುದಾದರೊಂದನ್ನು ಒಳಪದವಾಗಿ ಹೊಂದಿರುವ ಕಾರ್ಡುಗಳನ್ನೆಲ್ಲ ಹೆಕ್ಕಿ, ಆಯುಸ್ಸು ತೀರಿದವನ್ನು ಬಿಟ್ಟು, ಉಳಿದುದರಲ್ಲಿ ಮೂರನ್ನು ಕಲಸಿ ತೋರಿಸುವುದು. ಒಳಪದ, ಹೊರಪದ, ಆಯುಸ್ಸು ಎಂಬ ಈ ಕ್ರಮ ಫ್ಲೋರಿಯನ್ ಥಾಲ್‌ಹೋಫರ್ 2000ದಲ್ಲಿ ರೂಪಿಸಿದ ಕೊರ್ಸಾಕೊವ್ ತಂತ್ರಾಂಶದ್ದು. ತೀವ್ರತೆಯ ಅಂಕ ನಾವು ಸೇರಿಸಿಕೊಂಡದ್ದು: ಒಂದು ಹೆಜ್ಜೆಗೆ ಒಂದು ಅಂಕಕ್ಕಿಂತ ಹೆಚ್ಚು ಏರಬಾರದು. 1ರಿಂದ ನೇರ 4ಕ್ಕೆ ಹಾರಿದರೆ ಕೇಳುಗರಿಗೆ ಎಲ್ಲವೂ ಚೀಟಿ ಎತ್ತಿದ ಹಾಗೆ ಅನ್ನಿಸುತ್ತದೆ. ಇಳಿಯುವಾಗ ಈ ಕಟ್ಟು ಬೇಡ. 4ರ ನಂತರ 1 ಬಂದರೆ ಉಸಿರು ಬಿಟ್ಟಂತಿರುತ್ತದೆ.

ಕಾರ್ಡುಗಳನ್ನು ಚಾವಡಿಯ ನೆಲದಲ್ಲಿ ಹರವಿ ಆಡಿ ನೋಡಿದರೆ ತೊಂದರೆಗಳು ಕಣ್ಣಿಗೆ ಬೀಳುತ್ತವೆ. ಒಂದೇ ಕಾರ್ಡಿನಲ್ಲಿರುವ ಪದ ಸತ್ತ ಪದ, ಅದರಿಂದ ದಾರಿಯಿಲ್ಲ. ಮೂರನೇ ಒಂದು ಪಾಲಿಗಿಂತ ಹೆಚ್ಚು ಕಾರ್ಡುಗಳಲ್ಲಿರುವ ಪದವೂ ಅಷ್ಟೇ ನಿಷ್ಪ್ರಯೋಜಕ, ಅದು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ನಮಗೆ “ಮಳೆ” ಎಂಬ ಪದ ಹಾಗಾಗಿತ್ತು. ಅದನ್ನು ತೆಗೆದು “ಮೋಡ ನೋಡು”, “ಎದ್ದು ಓಡು” ಎಂದು ಒಡೆದ ಮೇಲೆ ಸರಿಹೋಯಿತು. ಇನ್ನು ಯಾವ ದಾರಿಯಲ್ಲಿ ಹೋದರೂ ಒಂದೇ ಕಾರ್ಡಿಗೆ ಬಂದು ಬೀಳುವ ತೊಂದರೆ. ಆ ಕಾರ್ಡಿನ ಒಳಪದ ಕಡಿಮೆ ಮಾಡಬೇಕು. ಪ್ರತಿ ಕಾರ್ಡಿಗೂ ಒಳಗೆ ಬರಲು ಎರಡು, ಹೊರಗೆ ಹೋಗಲು ಎರಡು ದಾರಿಯಾದರೂ ಇರಲಿ. ಅಷ್ಟಾದರೂ ಕೊನೆಕೊನೆಗೆ ಆಯುಸ್ಸು ತೀರಿ ಕವಲು ಖಾಲಿಯಾಗುವುದುಂಟು. ಅದಕ್ಕೆ ಮಾತಿಲ್ಲದ, ಬರಿಯ ಜಾಗದ ಸದ್ದಿನ ಮೂರು ತುಣುಕುಗಳನ್ನು ಆಯುಸ್ಸಿಗೆ ಮಿತಿಯಿಲ್ಲದೆ ಬದಿಗಿಟ್ಟಿದ್ದೇವೆ.

ಕಟ್ಟಿದ್ದು ಕವಲು ಕಥೆಗಳನ್ನು ಕಟ್ಟುವ ಟ್ವೈನ್ ತಂತ್ರಾಂಶದಲ್ಲಿ, ಅದರೊಳಗಿನ ಶುಗರ್‌ಕ್ಯೂಬ್ ಎಂಬ ಕಥಾಮಾದರಿ ಬಳಸಿ. ಟ್ವೈನ್ ಉಚಿತ, ಕ್ರಿಸ್ ಕ್ಲಿಮಾಸ್ 2009ರಲ್ಲಿ ಹೊರತಂದದ್ದು, ಕೊನೆಗೆ ಒಂದೇ ಎಚ್‌ಟಿಎಂಎಲ್ ಫೈಲು ಸಿಗುತ್ತದೆ. ಬ್ರೌಸರಿನಲ್ಲೇ ಕೆಲಸ ಮಾಡುವವರು ದಿನದ ಕೊನೆಗೆ ಆರ್ಕೈವ್ ಇಳಿಸಿಟ್ಟುಕೊಳ್ಳಬೇಕು. ಕೆಲಸವೆಲ್ಲ ಆ ಬ್ರೌಸರಿನ ನೆನಪಿನಲ್ಲಿರುತ್ತದೆ, ಯಾರಾದರೂ ಅದನ್ನು ಖಾಲಿ ಮಾಡಿದರೆ ಕಥೆಯೂ ಹೋಯಿತು. ಧ್ವನಿಫೈಲುಗಳ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಇರಲಿ: ವಿಂಡೋಸ್ ದೊಡ್ಡ ಅಕ್ಷರ, ಸಣ್ಣ ಅಕ್ಷರ ಒಂದೇ ಎಂದುಕೊಳ್ಳುತ್ತದೆ, ಲಿನಕ್ಸ್ ಸರ್ವರ್ ಹಾಗಲ್ಲ. ಮನೆಯಲ್ಲಿ ಹಾಡಿದ್ದು ಅಲ್ಲಿ ಮೂಕವಾಗುತ್ತದೆ.

ಧ್ವನಿಯನ್ನು ಎಂಪಿ3, ಒಂಟಿ ಚಾನೆಲ್, 64 ಕೆಬಿಪಿಎಸ್‌ಗೆ ಇಳಿಸಿದೆವು. ನಿಮಿಷಕ್ಕೆ 480 ಕಿಲೋಬೈಟಿನ ಲೆಕ್ಕದಲ್ಲಿ, ಸರಾಸರಿ 45 ಸೆಕೆಂಡಿನ 36 ತುಣುಕು ಸೇರಿ ಸುಮಾರು 13 ಎಂಬಿ. ಮಾತಿನ ತುಣುಕುಗಳನ್ನು ಆಡಾಸಿಟಿ ಎಂಬ ಧ್ವನಿ ಸಂಕಲನ ತಂತ್ರಾಂಶದಲ್ಲಿ ಮೈನಸ್ 19 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ಸಮ ಮಾಡಿ. ಸುರಂಗದ ಹನಿ, ರಾತ್ರಿಯ ಅಂಗಳ ಮುಂತಾದ ಮೆಲುಸದ್ದಿನ ತುಣುಕುಗಳಿಗೆ ಮಾತ್ರ ಇದನ್ನು ಮಾಡಕೂಡದು. ತಂತ್ರಾಂಶ ಮೌನವನ್ನೂ ಮಾತಿನ ಎತ್ತರಕ್ಕೆ ಏರಿಸಿ ಗೊರ್ರೆನ್ನುವ ಗದ್ದಲ ಮಾಡುತ್ತದೆ. ಅವನ್ನು ಕಿವಿಯಿಂದಲೇ ಹೊಂದಿಸಬೇಕು. ಹಿನ್ನೆಲೆಯ ಸದ್ದನ್ನು ಸುತ್ತು ಹಾಕಿಸಿದರೆ ಎಂಪಿ3ಯ ತುದಿಯಲ್ಲಿ ಸಣ್ಣ ಬಿರುಕು ಕೇಳಿಸುತ್ತದೆ, ಏಕೆಂದರೆ ಆ ಸ್ವರೂಪವೇ ಫೈಲಿನ ಶುರುವಿಗೆ ಒಂದಿಷ್ಟು ಖಾಲಿ ಸೇರಿಸುತ್ತದೆ. ಒಂದು ಮುಗಿಯುವ ಮೂರು ಸೆಕೆಂಡು ಮೊದಲೇ ಇನ್ನೊಂದನ್ನು ಮೆಲ್ಲನೆ ಏರಿಸುವುದು ಪರಿಹಾರ. ಯಾವ ಬ್ರೌಸರೂ ಬೆರಳು ತಾಗುವ ಮೊದಲು ಧ್ವನಿಯನ್ನು ತಾನಾಗಿ ನುಡಿಸಲು ಸಲೀಸಾಗಿ ಬಿಡುವುದಿಲ್ಲ, ಹಾಗಾಗಿ ಮೊದಲ ಪುಟದಲ್ಲಿ “ಶುರು ಮಾಡಿ” ಎಂಬ ಗುಂಡಿ ಬೇಕೇ ಬೇಕು.

ಕಾಯುವಿಕೆಯ ಬಗ್ಗೆ ಮಾಡುವಾಗ ಕಾಲವೇ ವಸ್ತು. ಧ್ವನಿ ಮುಗಿದ ಕೂಡಲೇ ಕವಲುಗಳನ್ನು ತೋರಿಸದೆ 6ರಿಂದ 10 ಸೆಕೆಂಡು ತಡೆದು ತೋರಿಸುತ್ತೇವೆ. ಆ ಹೊತ್ತಿನಲ್ಲಿ ಪರದೆ ಪೂರಾ ಸ್ತಬ್ಧವಾದರೆ ಫೋನು ನಿಂತಿತು ಎಂದುಕೊಂಡು ಜನ ಎದ್ದು ಹೋಗುತ್ತಾರೆ; ಹಿನ್ನೆಲೆಯ ಸದ್ದು ಮುಂದುವರಿಯಬೇಕು, ಚಿತ್ರದ ಬೆಳಕು ತುಸು ಬದಲಾಗುತ್ತಿರಬೇಕು. ತಾಳ್ಮೆಗೆಟ್ಟು ಪರದೆಯನ್ನು ಕುಟ್ಟಿದವರ ಎಣಿಕೆ ಇಟ್ಟುಕೊಂಡು, ಅಂಥವರಿಗೆ ಮುಂದಿನ ಕವಲುಗಳಲ್ಲಿ “ಎದ್ದು ಓಡು” ಗುಂಪಿನವು ಹೆಚ್ಚು ಬರುವಂತೆ, ಸುಮ್ಮನೆ ಕೂತವರಿಗೆ “ಕಿವಿಗೊಡು” ಗುಂಪಿನವು ಬರುವಂತೆ ಮಾಡಿದ್ದೇವೆ. ಇದನ್ನು ಎಲ್ಲೂ ಹೇಳಿಕೊಂಡಿಲ್ಲ. ಕೇಳುಗರ ಕೈಯ ಚಡಪಡಿಕೆ ಯೋಜನೆಯೊಳಗೆ ಸೇರುವುದು ಹೀಗೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ನಿಜವಾದ ಪರಸ್ಪರತೆ ಇರುವುದು ಇಲ್ಲೇ, ಕವಲು ಮುಟ್ಟುವುದರಲ್ಲಿ ಅಲ್ಲ.

ಇಲ್ಲೊಂದು ಎಚ್ಚರ. ಫೋನಿನ ಪರದೆ 30 ಸೆಕೆಂಡಿಗೆ ಆರಿದರೆ ಬ್ರೌಸರ್ ತನ್ನ ಗಡಿಯಾರವನ್ನು ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಸೆಕೆಂಡುಗಳನ್ನು ಒಂದೊಂದಾಗಿ ಎಣಿಸುವ ಕೋಡು ಅಲ್ಲಿ ಸೋಲುತ್ತದೆ. ಶುರುವಾದ ಸಮಯವನ್ನು ಬರೆದಿಟ್ಟುಕೊಂಡು ಈಗಿನ ಸಮಯದಿಂದ ಕಳೆಯಬೇಕು. ಪರದೆ ಆರದಂತೆ ತಡೆಯಲು ವೇಕ್ ಲಾಕ್ ಎಂಬ ಸೌಲಭ್ಯವೂ ಇದೆ.

ಬರಹದ ವಿಷಯದಲ್ಲಿ ಕನ್ನಡದಂಥ ಲಿಪಿಗಳಿಗೆ ವಿಶೇಷವಾದ ಒಂದು ತೊಡಕು. ಅಕ್ಷರ ಒಂದೊಂದಾಗಿ ಮೂಡುವ ಟೈಪ್‌ರೈಟರ್ ಪರಿಣಾಮ ಇಂಗ್ಲಿಷಿಗೆ ಚೆಂದ. “ಕಾಯುತ್ತಿದ್ದೇನೆ” ಎಂಬುದಕ್ಕೆ ಅದನ್ನು ಹಚ್ಚಿದರೆ ಮೊದಲು ತ, ಆಮೇಲೆ ತ್, ಆಮೇಲೆ ತ್ತ, ಕೊನೆಗೆ ತ್ತಿ ಎಂದು ಅಕ್ಷರ ಕಣ್ಣೆದುರೇ ಮುರಿದು ಕೂಡುತ್ತದೆ, ಏಕೆಂದರೆ ಯುನಿಕೋಡಿನಲ್ಲಿ ವ್ಯಂಜನ, ಅರ್ಧಾಕ್ಷರ ಚಿಹ್ನೆ, ಸ್ವರಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳು. ಕನ್ನಡಕ್ಕೆ ಪದಪದವಾಗಿ ಅಥವಾ ಸಾಲುಸಾಲಾಗಿ ಮೂಡಿಸಬೇಕು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಿರಲು ಸಾಲಿನ ಎತ್ತರ 1.7ರಷ್ಟಿರಲಿ. ಫಾಂಟು ನೋಟೊ ಸೆರಿಫ್ ಕನ್ನಡ, ಫೈಲಿನ ಜೊತೆಗೇ ಕಳಿಸುವುದು ಉತ್ತಮ. ತುಳು, ಮಲಯಾಳ ಮಾತಿನ ತುಣುಕುಗಳಿಗೆ ಕನ್ನಡದ ಸಾಲು ಕೊಟ್ಟಿದ್ದೇವೆ, ಆದರೆ ಧ್ವನಿ ಶುರುವಾಗಿ ಎರಡು ಸೆಕೆಂಡಿನ ನಂತರ. ಮೊದಲು ದನಿ ಕೇಳಲಿ.

ಗುಡ್ಡೆಯ ಮನೆಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ದನಿ ಕೊಟ್ಟವರಿಗೇ ಕೇಳಿಸಲು ಆಗದಿದ್ದರೆ ಮಾಡಿ ಏನು ಫಲ? ಜಿಪ್ ಮಾಡಿ ಕಳಿಸಿದರೆ ಆಂಡ್ರಾಯ್ಡ್ ಫೋನುಗಳು ಎಚ್‌ಟಿಎಂಎಲ್ ಫೈಲನ್ನೇನೋ ತೆರೆಯುತ್ತವೆ, ಪಕ್ಕದ ಫೋಲ್ಡರಿನ ಧ್ವನಿಯನ್ನು ಮಾತ್ರ ಮುಟ್ಟಲು ಬ್ರೌಸರಿಗೆ ಅನುಮತಿ ಸಿಗುವುದಿಲ್ಲ. ಅದಕ್ಕೆ ಧ್ವನಿಯನ್ನೆಲ್ಲ ಬೇಸ್64 ರೂಪದಲ್ಲಿ, ಅಂದರೆ ಬರಿಯ ಅಕ್ಷರ ಅಂಕಿಗಳ ಸಾಲಾಗಿಸಿ, ಅದೇ ಫೈಲಿನೊಳಗೆ ತುಂಬಿದೆವು. ಗಾತ್ರ ಮೂರನೇ ಒಂದು ಪಾಲು ಹೆಚ್ಚಿ 17 ಎಂಬಿಯಷ್ಟಾಯಿತು, ತೆರೆಯಲು ಹಳೆಯ ಫೋನುಗಳು ಕೆಲವು ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತವೆ. ಬ್ಲೂಟೂತಿನಲ್ಲೋ ಮೆಮೊರಿ ಕಾರ್ಡಿನಲ್ಲೋ ಕೊಟ್ಟರೆ ಇಂಟರ್ನೆಟ್ಟೇ ಇಲ್ಲದೆ ನಡೆಯುತ್ತದೆ.